ಹಾಲಿನ ವಾದದಲ್ಲಿ ಪ್ರಾಣಿಗಳ ಸಾಕ್ಷ್ಯ: ಒಂದು ವಿಮರ್ಶೆ

ಹಾಲು ಶ್ರಾವಕನಿಗೆ ಗ್ರಾಹ್ಯವೇ ಅಲ್ಲವೇ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ನಮ್ಮ ಊಟದ ಪಂಕ್ತಿಯವರೆಗೂ ಬಂದು ಕುಳಿತಿದೆ. ಹೊರನಾಡುಗಳಲ್ಲಿ ನೆಲೆಸಿದ ಮಕ್ಕಳು ರಜೆಗೆಂದು ಬಂದಾಗ ಮೊಸರನ್ನೂ ತುಪ್ಪವನ್ನೂ ಬೇಡವೆನ್ನುತ್ತಾರೆ. ಹಿರಿಯರಿಗೆ ಇದು ಮನೆಯ ಆಚಾರವನ್ನೇ ಹಳಿದಂತೆ ಕೇಳಿಸುತ್ತದೆ. ಪರ್ವದ ದಿನಗಳಲ್ಲಿ ಹಂಚಲಾಗುವ ಕಿರುಹೊತ್ತಿಗೆಗಳಲ್ಲಿಯೂ ಪ್ರವಚನಗಳಲ್ಲಿಯೂ ಎರಡು ಪಕ್ಷಗಳ ವಾದಗಳು ಪ್ರತಿವರ್ಷ ಹೆಚ್ಚು ಖಂಡಿತವಾದ ದನಿಯಲ್ಲಿ ಕೇಳಿಬರುತ್ತಿವೆ. ಹಾಲನ್ನು ಬಿಡಬೇಕೆನ್ನುವವರ ತೀರ್ಮಾನವನ್ನಾಗಲಿ, ಇಟ್ಟುಕೊಳ್ಳಬೇಕೆನ್ನುವವರ ತೀರ್ಮಾನವನ್ನಾಗಲಿ ಇಲ್ಲಿ ಎತ್ತಿಹಿಡಿಯುವುದು ನನ್ನ ಉದ್ದೇಶವಲ್ಲ. ತೀರ್ಮಾನಕ್ಕೆ ಬರಲು ಅವರು ಹಿಡಿದಿರುವ ದಾರಿಯನ್ನು ಪರಿಶೀಲಿಸುವುದಷ್ಟೇ ಈ ಬರಹದ ಕೆಲಸ.

ಎರಡು ಪಕ್ಷಗಳಿಗೂ ಸಮಾನವಾದ ಒಂದು ರೂಢಿಯುಂಟು. ಶಾಸ್ತ್ರದಿಂದ ಮಾತು ಮುಗಿಯದಿದ್ದಾಗ ಪ್ರಾಣಿಗಳನ್ನು ಸಾಕ್ಷಿಗೆ ಕರೆಯುವುದು. ‘ಯಾವ ಪ್ರಾಣಿಯೂ ಇನ್ನೊಂದು ಜಾತಿಯ ಹಾಲನ್ನು ಕುಡಿಯುವುದಿಲ್ಲ’ ಎಂದು ಒಬ್ಬರು. ‘ಹಸು ಕರುವಿಗೆ ಬೇಕಾದುದಕ್ಕಿಂತ ಹೆಚ್ಚು ಹಾಲನ್ನು ತಾನಾಗಿಯೇ ಕೊಡುತ್ತದೆ’ ಎಂದು ಇನ್ನೊಬ್ಬರು. ‘ಹಾಲು ರಕ್ತದ ರೂಪಾಂತರ’ ಎಂದು ಒಬ್ಬರು. ‘ಹಾಲು ಸಂಪೂರ್ಣ ಆಹಾರ, ಅದರಲ್ಲಿಯೂ ಗೋಕ್ಷೀರ ತಾಯಿಯ ಹಾಲಿಗೆ ಸಮಾನ’ ಎಂದು ಇನ್ನೊಬ್ಬರು. ಹೀಗೆ ಕರೆಯಿಸಿಕೊಂಡ ಸಾಕ್ಷಿಗಳು ನಿಜವಾಗಿ ಏನು ಹೇಳುತ್ತವೆಂಬುದನ್ನು ಕೇಳುವ ತಾಳ್ಮೆ ಮಾತ್ರ ಎರಡು ಕಡೆಯಲ್ಲಿಯೂ ಕಾಣುವುದಿಲ್ಲ.

ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ಮೆಕ್ಸಿಕೋ ದೇಶಕ್ಕೆ ಸೇರಿದ ಗ್ವಾಡಲೂಪೆ ದ್ವೀಪದಲ್ಲಿ ಆನೆಸೀಲ್ ಎಂಬ ಭಾರಿ ಕಡಲಪ್ರಾಣಿಗಳು ಮರಿಹಾಕುತ್ತವೆ. ಅಲ್ಲಿ ಕಡಲಕಾಗೆಗಳೂ ಕಾಡುಬಿದ್ದ ಬೆಕ್ಕುಗಳೂ ಆ ತಾಯಂದಿರ ಹಾಲನ್ನು ಅವಕಾಶ ಸಿಕ್ಕಾಗ ಕುಡಿಯುವುದನ್ನು ಸಂಶೋಧಕರು ಕಂಡು 2010ರಲ್ಲಿ ಪ್ರಕಟಿಸಿದ್ದಾರೆ. ಆನೆಸೀಲ್‌ನ ಮರಿಗಳಲ್ಲಿಯೇ ಕೆಲವು ತಮ್ಮ ತಾಯಿ ಬಿಟ್ಟುಹೋದ ಮೇಲೆ ಬೇರೆ ತಾಯಂದಿರ ಮೊಲೆಗೆ ಕಳ್ಳತನದಿಂದ ಬಾಯಿಹಾಕಿ ಎರಡರಷ್ಟು ಕೊಬ್ಬುತ್ತವೆ. ಸಿಂಹದ ಗುಂಪಿನಲ್ಲಿ ಒಂದು ತಾಯಿಯ ಮರಿಗೆ ಇನ್ನೊಂದು ತಾಯಿ ಹಾಲೂಡಿಸುವುದುಂಟು. ಎಮ್ಮೆಗಳ ಹಿಂಡಿನಲ್ಲಿಯೂ ಇದು ಅಪರೂಪವಲ್ಲ. ಹಸು ಈ ವಿಷಯದಲ್ಲಿ ಬಿಗಿ. ಈದ ಕೆಲವು ಗಂಟೆಗಳಲ್ಲಿಯೇ ತನ್ನ ಕರುವಿನ ವಾಸನೆಯನ್ನು ಹಿಡಿದುಕೊಂಡು, ಬೇರೆ ಕರು ಬಂದರೆ ತಿವಿಯುತ್ತದೆ, ಒದೆಯುತ್ತದೆ. ನಾಡಿನ ಮಕ್ಕಳೆಲ್ಲ ಬಲ್ಲ ಗೋವಿನ ಹಾಡಿನಲ್ಲಿ ಪುಣ್ಯಕೋಟಿಯು ಸಾವಿಗೆ ಹೊರಡುವ ಮುನ್ನ ತನ್ನ ಒಡನಾಡಿ ಹಸುಗಳಲ್ಲಿ ಬೇಡಿಕೊಳ್ಳುವುದು ಇದನ್ನೇ ಅಲ್ಲವೇ? ತಬ್ಬಲಿ ಕರುವನ್ನು ತಿವಿಯಬೇಡಿರೆಂಬ ಆ ಪ್ರಾರ್ಥನೆಯನ್ನು ನಾವು ಕರುಣರಸವೆಂದು ಮಾತ್ರ ಓದಿಕೊಂಡು ಬಂದಿದ್ದೇವೆ. ದನ ಮೇಯಿಸಿದವನ ಕಣ್ಣಿನ ತಿಳಿವಳಿಕೆ ಅದರಲ್ಲಿದೆ.

ಹೀಗೆ ‘ಯಾವ ಪ್ರಾಣಿಯೂ’ ಎಂಬ ಮಾತು ನಿಲ್ಲುವುದಿಲ್ಲ. ಬಾಲ್ಯ ಕಳೆದ ಮೇಲೆ ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಬಹುತೇಕ ಸಸ್ತನಿಗಳಲ್ಲಿ ಕುಂದುತ್ತದೆ ಎಂಬುದು ನಿಜ. ಹಾಲುಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಮೊಲೆ ಬಿಡಿಸಿದ ಮೇಲೆ ಕಡಿಮೆಯಾಗುತ್ತದೆ. ಜಗತ್ತಿನ ವಯಸ್ಕ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದೇ ಸ್ಥಿತಿಯಲ್ಲಿದ್ದಾರೆ. ಕೆಲವು ಜನಾಂಗಗಳಲ್ಲಿ ಅದು ಉಳಿದುಕೊಂಡಿದೆ. ಯುರೋಪಿನವರಲ್ಲಿ ಇದಕ್ಕೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು 2002ರಲ್ಲಿ ಗುರುತಿಸಲಾಯಿತು. ಅದೇ ವ್ಯತ್ಯಾಸ ಭಾರತದಲ್ಲಿಯೂ ಇದೆ, ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಆಫ್ರಿಕದ ಪಶುಪಾಲಕರಲ್ಲಿ ಬೇರೆಯೇ ವ್ಯತ್ಯಾಸಗಳು ಸ್ವತಂತ್ರವಾಗಿ ಹುಟ್ಟಿಕೊಂಡಿವೆ. ನಮ್ಮ ಅಜ್ಜಿಯರು ಹಾಲಿಗಿಂತ ಮಜ್ಜಿಗೆಯನ್ನು ಮೆಚ್ಚಿದ್ದರಲ್ಲಿ ಹೊಟ್ಟೆಯ ಅನುಭವವೂ ಸೇರಿತ್ತೆಂದು ತೋರುತ್ತದೆ. ಹೆಪ್ಪು ಹಾಕಿದಾಗ ಲ್ಯಾಕ್ಟೋಸಿನ ಒಂದು ಪಾಲು ಕರಗಿಹೋಗುತ್ತದೆ.

ಆದರೆ ನನ್ನ ಆಕ್ಷೇಪ ಇದಕ್ಕಿಂತ ಮೂಲಭೂತವಾದದ್ದು. ಬೆಕ್ಕು ಕುಡಿದರೆ ನಮಗೆ ಅನುಮತಿಯೂ ಅಲ್ಲ, ಕುಡಿಯದಿದ್ದರೆ ನಿಷೇಧವೂ ಅಲ್ಲ. ಬೆಕ್ಕು ಇಲಿಯನ್ನೂ ತಿನ್ನುತ್ತದೆ. ಪ್ರಾಣಿಗಳ ನಡವಳಿಕೆಯನ್ನು ಆಚಾರಕ್ಕೆ ಪ್ರಮಾಣವೆಂದು ಒಪ್ಪಿದರೆ ನಮ್ಮ ಅಹಿಂಸಾಣುವ್ರತದ ಬುಡವೇ ಅಲುಗುತ್ತದೆ. ವ್ರತವೆಂಬುದು ಪ್ರಕೃತಿಯ ನಕಲಲ್ಲ. ಸಂಜ್ಞೀ ಪಂಚೇಂದ್ರಿಯನಾದ ಮನುಷ್ಯನು ಬೇಕೆಂದು ಕೈಗೊಳ್ಳುವ ಸಂಯಮ. ಪ್ರಾಣಿಗಳಿಂದ ನಾವು ಕೇಳಬೇಕಾದ ಪ್ರಶ್ನೆ ‘ನೀವು ಏನು ಮಾಡುತ್ತೀರಿ’ ಎಂಬುದಲ್ಲ, ‘ನಾವು ಮಾಡುವುದರಿಂದ ನಿಮಗೆ ಏನಾಗುತ್ತದೆ’ ಎಂಬುದು. ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ಹಾಲೆಂದರೇನು ಎಂಬುದು ಮೊದಲು ತಿಳಿದಿರಬೇಕು.

ಕಿರುಹೊತ್ತಿಗೆಗಳಲ್ಲಿ ‘ಹಾಲು’ ಎಂಬ ಪದ ಏಕವಚನದಲ್ಲಿ ನಿಂತು ಒಂದೇ ಪದಾರ್ಥವನ್ನು ಹೇಳುತ್ತದೆ, ನೀರು ಎಂದಂತೆ, ಉಪ್ಪು ಎಂದಂತೆ. ಇಲ್ಲಿಯೇ ದೊಡ್ಡ ತಪ್ಪಿರುವುದು. 6,000ಕ್ಕೂ ಹೆಚ್ಚಿನ ಸಸ್ತನಿ ಜಾತಿಗಳಿವೆ. ಅವುಗಳ ಹಾಲುಗಳು ಒಂದಕ್ಕೊಂದು ಎಷ್ಟು ಭಿನ್ನವೆಂದರೆ ಎಲ್ಲಕ್ಕೂ ಒಂದೇ ಹೆಸರು ಸಲ್ಲುವುದೇ ಎಂದು ಅನುಮಾನ ಬರಬೇಕು.

ಉತ್ತರ ಅಟ್ಲಾಂಟಿಕ್ ಸಾಗರದ ತೇಲುವ ಹಿಮದ ಹಾಸುಗಳ ಮೇಲೆ ಹುಡೆಡ್ ಸೀಲ್ ಎಂಬ ಪ್ರಾಣಿ ಮರಿಹಾಕುತ್ತದೆ. ಆ ಹಿಮ ಯಾವಾಗ ಒಡೆಯುವುದೋ ಹೇಳಬರುವುದಿಲ್ಲ. ಆದುದರಿಂದ ತಾಯಿ ಹಾಲೂಡಿಸುವುದು ಸುಮಾರು ನಾಲ್ಕೇ ದಿನ. ಅಷ್ಟರಲ್ಲಿ ಇಪ್ಪತ್ತೆರಡು ಕಿಲೋ ಇದ್ದ ಮರಿ ನಲವತ್ತೈದು ಕಿಲೋ ಮುಟ್ಟುತ್ತದೆ. ಆ ಹಾಲಿನಲ್ಲಿ ಶೇಕಡಾ 60ರಷ್ಟು ಕೊಬ್ಬು. ನೋಡುವುದಕ್ಕೆ ಹಾಲಿಗಿಂತ ಬೆಣ್ಣೆಗೆ ಹತ್ತಿರ. ಇದಕ್ಕೆ ಎದುರಾಗಿ ಆಫ್ರಿಕದ ಕಪ್ಪು ಖಡ್ಗಮೃಗವನ್ನು ನೋಡಿರಿ. ಮರಿ ವರ್ಷಕ್ಕೂ ಮೀರಿ ತಾಯಿಯ ಜೊತೆಗೇ ನಡೆಯುತ್ತ ಬೇಕೆಂದಾಗ ಕುಡಿಯುತ್ತದೆ. ಅದರ ಹಾಲಿನಲ್ಲಿ ಕೊಬ್ಬು ಶೇಕಡಾ 0.2 ಮಾತ್ರ, ಬಹುತೇಕ ಸಿಹಿನೀರು. ಮೊಲದ ತಾಯಿ ದಿನಕ್ಕೆ ಒಂದೇ ಬಾರಿ, ಮೂರು ನಾಲ್ಕು ನಿಮಿಷಗಳ ಮಟ್ಟಿಗೆ ಗೂಡಿಗೆ ಬಂದುಹೋಗುತ್ತದೆ. ಹೆಚ್ಚು ಬಾರಿ ಬಂದರೆ ನರಿಗೆ ಗೂಡಿನ ದಾರಿ ತೋರಿಸಿದಂತೆ. ಆದ್ದರಿಂದ ಒಂದೇ ಸಲದ ಹಾಲು ಒಂದು ದಿನಕ್ಕೆ ಸಾಲುವಷ್ಟು ಗಟ್ಟಿ. ಸಸಾರಜನಕವೇ ಶೇಕಡಾ 12ರ ಮೇಲೆ. ಮೊಲದ ಮರಿಯ ತೂಕ ಸುಮಾರು ಆರು ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಕರುವಿಗೆ ಒಂದೂವರೆ ತಿಂಗಳು ಬೇಕು. ಮನುಷ್ಯನ ಕೂಸಿಗೆ ಐದಾರು ತಿಂಗಳು. ಕ್ಯಾಲಿಫೋರ್ನಿಯಾದ ಕಡಲಸಿಂಹದ ಹಾಲಿನಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ. ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆಯಿಡುವ ಪ್ರಾಣಿ, ಅದಕ್ಕೆ ಮೊಲೆತೊಟ್ಟೂ ಇಲ್ಲ. ಹಾಲು ಹೊಟ್ಟೆಯ ಚರ್ಮದಿಂದ ಒಸರುತ್ತದೆ, ಮರಿ ರೋಮಗಳಿಂದ ಅದನ್ನು ನೆಕ್ಕುತ್ತದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ತತ್ತ್ವಾರ್ಥಸೂತ್ರವು ಗರ್ಭಜನ್ಮವನ್ನು ಜರಾಯುಜ, ಅಂಡಜ, ಪೋತ ಎಂದು ಹುಟ್ಟುವ ರೀತಿಯನ್ನು ಹಿಡಿದು ವಿಂಗಡಿಸಿತು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಮೊಲೆಯನ್ನು ಹಿಡಿದು ಸಸ್ತನಿ ಎಂಬ ವರ್ಗಕ್ಕೆ ಹೆಸರಿಟ್ಟನು. ಪ್ಲಾಟಿಪಸ್ ಅಂಡಜವೂ ಹೌದು, ಸಸ್ತನಿಯೂ ಹೌದು. ಎರಡು ವಿಂಗಡಣೆಗಳಿಗೂ ಅದರಿಂದ ಬಾಧೆಯಿಲ್ಲ. ಎರಡರ ಪ್ರಯೋಜನ ಬೇರೆ ಬೇರೆ.

ಎಲ್ಲಕ್ಕಿಂತ ಆಶ್ಚರ್ಯಕರವಾದುದು ಕಾಂಗರೂ ಕುಲದ ವಾಲಬಿ. ಅದರ ಚೀಲದೊಳಗೆ ಹುರುಳಿಕಾಳಿನಷ್ಟು ಚಿಕ್ಕ ಎಳೆಗೂಸು ಒಂದು ತೊಟ್ಟಿಗೆ ಕಚ್ಚಿಕೊಂಡಿರುವಾಗಲೇ, ಚೀಲ ಬಿಟ್ಟುಹೋದ ದೊಡ್ಡ ಮರಿ ಬಂದು ಪಕ್ಕದ ತೊಟ್ಟಿನಿಂದ ಕುಡಿಯಬಹುದು. ಒಂದೇ ತಾಯಿ, ಒಂದೇ ರಕ್ತ, ಒಂದೇ ಮೇವು. ಆದರೂ ಎಳೆಯದರ ತೊಟ್ಟಿನಲ್ಲಿ ಬರುವುದು ಕೊಬ್ಬು ಕಡಿಮೆಯಿರುವ ತೆಳುಹಾಲು. ದೊಡ್ಡದರ ತೊಟ್ಟಿನಲ್ಲಿ ಕೊಬ್ಬು ತುಂಬಿದ ಗಟ್ಟಿಹಾಲು. ಎಳೆಯ ಮರಿಯನ್ನು ತೆಗೆದು ಮುಂದಿನ ಹಂತದ ಹಾಲು ಕೊಡುತ್ತಿರುವ ಇನ್ನೊಂದು ತಾಯಿಯ ಚೀಲಕ್ಕೆ ಹಾಕಿದಾಗ ಅದರ ಬೆಳವಣಿಗೆಯ ವೇಗವೇ ಬದಲಾದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹಾಲು ಮರಿಗೆ ಆಹಾರ ಮಾತ್ರವಲ್ಲ, ಯಾವಾಗ ಎಷ್ಟು ಬೆಳೆಯಬೇಕೆಂಬ ಆಜ್ಞೆಯೂ ಹೌದೆಂದು ಇದರಿಂದ ತಿಳಿಯುತ್ತದೆ.

ಇಷ್ಟನ್ನು ಕೇಳಿದ ಮೇಲೆ ‘ಸಂಪೂರ್ಣ ಆಹಾರ’ ಎಂಬ ವಿಶೇಷಣವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಸಂಪೂರ್ಣವೆಂಬುದು ನಿಜ, ಆದರೆ ಒಂದು ಮರಿಗೆ, ಒಂದು ವಯಸ್ಸಿನಲ್ಲಿ, ಒಂದು ಜೀವನಕ್ರಮದಲ್ಲಿ. ಸೀಲಿನ ಹಾಲು ಖಡ್ಗಮೃಗದ ಮರಿಗೆ ಸಂಪೂರ್ಣವಲ್ಲ. ಹಸುವಿನ ಹಾಲು ತಾಯಿಯ ಹಾಲಿಗೆ ಸಮಾನವೆಂಬ ಮಾತೂ ಹೀಗೆಯೇ ಸಡಿಲಾಗುತ್ತದೆ. ಮನುಷ್ಯರ ಹಾಲಿನಲ್ಲಿ ಸಸಾರಜನಕ ಶೇಕಡಾ 1ರ ಆಸುಪಾಸು, ಹಸುವಿನದರಲ್ಲಿ 3ಕ್ಕೂ ಮೇಲೆ. ಹಾಲುಸಕ್ಕರೆ ಮನುಷ್ಯರದರಲ್ಲಿ ಸುಮಾರು 7, ಹಸುವಿನದರಲ್ಲಿ 5ಕ್ಕಿಂತ ಕಡಿಮೆ. ಖನಿಜಾಂಶ ಹಸುವಿನದರಲ್ಲಿ ಮೂರು ಪಟ್ಟಿಗಿಂತಲೂ ಹೆಚ್ಚು, ಏಕೆಂದರೆ ಕರು ಹುಟ್ಟಿದ ದಿನವೇ ಎದ್ದು ನಿಲ್ಲಬೇಕು, ಬೇಗ ಎಲುಬು ಬಲಿಯಬೇಕು. ಹೋಲಿಕೆಯನ್ನೇ ಹುಡುಕುವುದಾದರೆ ಕತ್ತೆಯ ಹಾಲು ಮನುಷ್ಯರ ಹಾಲಿಗೆ ಹೆಚ್ಚು ಹತ್ತಿರ. ನಮ್ಮ ಬೀದಿಗಳಲ್ಲಿ ಕತ್ತೆಯನ್ನು ಹೊಡೆದುಕೊಂಡು ಬಂದು ಕೂಸುಗಳಿಗೆಂದು ಒಳಲೆಯ ಲೆಕ್ಕದಲ್ಲಿ ಹಾಲು ಮಾರುತ್ತಿದ್ದವರು ಅದನ್ನು ಯಾವ ಪ್ರಯೋಗಶಾಲೆಯಿಂದಲೂ ಕಲಿತಿರಲಿಲ್ಲ. ಗೋಮಹಿಮೆಯನ್ನು ಬರೆಯುವವರು ಕತ್ತೆಯ ವಿಷಯದಲ್ಲಿ ಏಕೆ ಮೌನವೆಂದು ನಾನು ಬಲ್ಲೆ. ಮಹಿಮೆಗೂ ಅಂಕಿಗಳಿಗೂ ಅಲ್ಲಿ ಸಂಬಂಧವಿಲ್ಲ.

ಮನುಷ್ಯರ ಹಾಲಿನಲ್ಲಿ ಇನ್ನೊಂದು ವಿಶೇಷವಿದೆ. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಯ ಸಂಕೀರ್ಣ ಶರ್ಕರಗಳಿವೆ. ಕೂಸು ಅವನ್ನು ಜೀರ್ಣಿಸಿಕೊಳ್ಳಲಾರದು. ಕೂಸಿನ ಕರುಳಿನಲ್ಲಿ ನೆಲೆಸುವ ಬೈಫಿಡೊ ಎಂಬ ಸೂಕ್ಷ್ಮಜೀವಿಗಳಿಗೆ ಅವು ಆಹಾರ. ಆ ಜೀವಿಗಳು ಹೆಚ್ಚಿದರೆ ರೋಗಕಾರಕಗಳಿಗೆ ಎಡೆ ಕಡಿಮೆ. ತಾಯಿ ತನ್ನ ಮಗುವಿನ ಜೊತೆಗೆ ಕಣ್ಣಿಗೆ ಕಾಣದ ಜೀವಗಳನ್ನೂ ಪೋಷಿಸುತ್ತಾಳೆಂಬುದು, ಸೂಕ್ಷ್ಮಜೀವಗಳ ರಕ್ಷಣೆಗಾಗಿ ನೀರನ್ನು ಸೋಸಿ ಕುಡಿಯುವ ನಮ್ಮವರಿಗೆ ಮೆಚ್ಚುಗೆಯಾಗಬೇಕಾದ ಸಂಗತಿ. ಹಸುವಿನ ಹಾಲಿನಲ್ಲಿ ಇಂಥ ಶರ್ಕರಗಳು ಅತ್ಯಲ್ಪ.

ಹಾಲು ರಕ್ತವೆಂಬ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಡ. ಕೆಚ್ಚಲಿನಲ್ಲಿ ಒಂದು ಲೀಟರ್ ಹಾಲು ಕೂಡಬೇಕಾದರೆ ನಾನೂರು ಐನೂರು ಲೀಟರ್ ರಕ್ತ ಅದರ ಮೂಲಕ ಹರಿದುಹೋಗಬೇಕೆಂಬುದು ಸರಿ. ಆದರೆ ರಕ್ತದಿಂದ ಮೂಲದ್ರವ್ಯಗಳನ್ನು ತೆಗೆದುಕೊಂಡು ಗ್ರಂಥಿ ಹೊಸದನ್ನು ಕಟ್ಟುತ್ತದೆ. ರಕ್ತದಲ್ಲಿಲ್ಲದ ಲ್ಯಾಕ್ಟೋಸೂ ಕೇಸೀನೂ ಅಲ್ಲಿಯೇ ಹುಟ್ಟುತ್ತವೆ. ಜುಗುಪ್ಸೆ ಹುಟ್ಟಿಸಿ ವ್ರತ ಹಿಡಿಸುವ ಈ ಉಪಾಯ ನನಗೆ ಒಪ್ಪಿಗೆಯಿಲ್ಲ. ಅದನ್ನು ಒಪ್ಪಿದರೆ ತಾಯಿಯ ಎದೆಹಾಲಿಗೂ ಅದೇ ಮಾತು ತಗಲುತ್ತದೆ.

ಇನ್ನು ಹಾಲಿನ ಪರವಾಗಿರುವವರ ಪ್ರಧಾನ ವಾದವನ್ನು ಎತ್ತಿಕೊಳ್ಳುತ್ತೇನೆ: ಹಸು ಕರುವಿಗೆ ಬೇಕಾದುದಕ್ಕಿಂತ ಹೆಚ್ಚು ಕೊಡುತ್ತದೆ, ಹೆಚ್ಚಾದುದನ್ನು ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ. ನಲವತ್ತು ವರ್ಷ ಲೆಕ್ಕಪುಸ್ತಕಗಳ ಜೊತೆ ಕಾಲಕಳೆದ ನನಗೆ ‘ಹೆಚ್ಚುವರಿ’ ಎಂಬ ಪದ ಕೇಳಿದೊಡನೆ ಕಿವಿ ಚುರುಕಾಗುತ್ತದೆ. ಹೆಚ್ಚುವರಿ ಎಂದರೆ ಕೊಡಬೇಕಾದುದನ್ನೆಲ್ಲ ಕೊಟ್ಟು ಉಳಿದದ್ದು. ಕೊಡಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರನ್ನೇ ಬಿಟ್ಟು ಶಿಲ್ಕು ತೆಗೆಯುವುದನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಕೆಚ್ಚಲಿನ ಸ್ವಭಾವವನ್ನೇ ನೋಡೋಣ. ಅದು ತುಂಬಿದಾಗ ಹಾಲು ಕಟ್ಟುವುದು ನಿಧಾನವಾಗುತ್ತದೆ, ಬರಿದಾದಾಗ ಚುರುಕಾಗುತ್ತದೆ. ಕುಡಿಯುವ ಬಾಯಿ ಎಷ್ಟು ಕೇಳುವುದೋ ಅಷ್ಟು ಉತ್ಪತ್ತಿ. ಕಾಡಿನ ಯಾವ ತಾಯಿಯೂ ಮರಿಗೆ ಬೇಡವಾದುದನ್ನು ಲೀಟರುಗಟ್ಟಲೆ ಹೊತ್ತು ತಿರುಗುವುದಿಲ್ಲ, ಏಕೆಂದರೆ ಹಾಲು ಅವಳ ಮೈಯ ಎಲುಬಿನಿಂದ, ಕೊಬ್ಬಿನಿಂದ ಬರುವ ವೆಚ್ಚ. ಹೆಚ್ಚು ಹಾಲು ಎಂಬುದು ಮನುಷ್ಯನು ದಿನಕ್ಕೆರಡು ಬಾರಿ ಬರಿದುಮಾಡಿ, ಹೆಚ್ಚು ಕೊಡುವ ತಾಯಿಯ ಸಂತತಿಯನ್ನೇ ತಲೆತಲಾಂತರದಿಂದ ಆರಿಸಿ ಉಂಟುಮಾಡಿದ ಫಲ. ನಮ್ಮ ಹಳ್ಳಿಕಾರ್ ಹಸು ಒಂದು ಸೂಲಿಗೆ ಕರೆಯಿಸಿಕೊಳ್ಳುವುದು 500 ಲೀಟರಿನ ಆಸುಪಾಸು. ಹೋಲ್‌ಸ್ಟೀನ್ ತಳಿಯ ಹಸು ಪಶ್ಚಿಮ ದೇಶಗಳಲ್ಲಿ 8,000 ಲೀಟರನ್ನೂ ಮೀರುತ್ತದೆ. ಎರಡು ಕರುಗಳ ಹೊಟ್ಟೆಯಲ್ಲಿ ಹದಿನಾರು ಪಟ್ಟು ವ್ಯತ್ಯಾಸವಿಲ್ಲ. ‘ತಾನಾಗಿಯೇ ಕೊಡುತ್ತದೆ’ ಎಂಬ ಮಾತಿನ ಸತ್ಯ ಇಷ್ಟು.

ನಾಡಹಸುವಂತೂ ತಾನಾಗಿ ಕೊಡುವುದೇ ಇಲ್ಲ. ಕರು ಬಂದು ಗುದ್ದಿ ಚೀಪಿದಾಗ ಅದರ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ಸ್ರವಿಸಿ ಹಾಲು ಇಳಿಯುತ್ತದೆ. ಅದಕ್ಕಾಗಿಯೇ ಕರುವನ್ನು ಬಿಟ್ಟು, ನಾಲ್ಕು ಗುಟುಕು ಕುಡಿಸಿ, ಎಳೆದು ಕಟ್ಟಿ ಕರೆಯುವುದು. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ಪದ್ಧತಿಯೂ ಇತ್ತು. ಈಗ ಅದರ ಬದಲಿಗೆ ಸೂಜಿಮದ್ದು. ಅದರ ದುರುಪಯೋಗವನ್ನು ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ಆಕ್ಸಿಟೋಸಿನ್ನಿನ ಖಾಸಗಿ ತಯಾರಿಕೆಯನ್ನು ನಿಷೇಧಿಸಿತು. ಬಾಣಂತಿಯರ ಪ್ರಾಣ ಉಳಿಸುವ ಔಷಧವೂ ಅದೇ ಆದುದರಿಂದ ದೆಹಲಿ ಉಚ್ಚ ನ್ಯಾಯಾಲಯ ಅದೇ ವರ್ಷ ಆ ನಿಷೇಧವನ್ನು ರದ್ದುಪಡಿಸಿತು. ಎರಡು ತೊಟ್ಟು ಕರುವಿಗೆ, ಎರಡು ತೊಟ್ಟು ಮನೆಗೆ ಎಂಬ ಹಳ್ಳಿಯ ಹಳೆಯ ಮಾತನ್ನು ನಾನು ಇವೆಲ್ಲಕ್ಕಿಂತ ಮೇಲೆ ಇಡುತ್ತೇನೆ. ಅದರಲ್ಲಿ ಹೆಚ್ಚುವರಿಯೆಂಬ ಸೋಗಿಲ್ಲ, ಪಾಲು ಮಾಡಿಕೊಂಡಿದ್ದೇವೆಂಬ ಒಪ್ಪಿಗೆಯಿದೆ.

ಹಾಲು ಯಾರಿಗಾಗಿ ಸಿದ್ಧವಾಗುತ್ತದೆಂಬುದಕ್ಕೆ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕ್ಷಿ. ಕೇಟಿ ಹೈಂಡ್ ಮತ್ತು ಅವರ ಸಂಗಡಿಗರು ಸುಮಾರು 14.9 ಲಕ್ಷ ಹೋಲ್‌ಸ್ಟೀನ್ ಹಸುಗಳ 23.9 ಲಕ್ಷ ಸೂಲುಗಳ ದಾಖಲೆಗಳನ್ನು ತೆಗೆದು ನೋಡಿದರು. ಹೆಣ್ಣುಗರು ಹಾಕಿದ ಹಸು ಗಂಡುಗರು ಹಾಕಿದ ಹಸುವಿಗಿಂತ ಹೆಚ್ಚು ಹಾಲು ಕೊಟ್ಟಿತ್ತು. ಆ ಡೇರಿಗಳಲ್ಲಿ ಕರುವನ್ನು ಹುಟ್ಟಿದ ಕೂಡಲೇ ಬೇರ್ಪಡಿಸುವುದು ವಾಡಿಕೆ. ಕುಡಿಯಲು ಕರುವೇ ಇಲ್ಲ. ಆದರೂ ಗರ್ಭದಲ್ಲಿದ್ದಾಗಲೇ ಆ ಕರುವಿಗೆ ತಕ್ಕಂತೆ ಕೆಚ್ಚಲು ಸಿದ್ಧವಾಗಿತ್ತು. ರೀಸಸ್ ಕೋತಿಗಳಲ್ಲಿಯೂ ಗಂಡುಮರಿಯ ತಾಯಿಯ ಹಾಲಿಗೂ ಹೆಣ್ಣುಮರಿಯ ತಾಯಿಯ ಹಾಲಿಗೂ ವ್ಯತ್ಯಾಸವಿರುವುದನ್ನು ಇದೇ ವಿದುಷಿ ಮೊದಲು ತೋರಿಸಿದ್ದರು. ನಮ್ಮ ಮನೆಗೆ ಬರುವ ಹಾಲಿನ ಪೊಟ್ಟಣದ ಮೇಲೆ ಜಿಡ್ಡು 3.0, ಜಿಡ್ಡೇತರ ಘನಾಂಶ 8.5 ಎಂದು ಮಾತ್ರ ಅಚ್ಚಾಗಿರುತ್ತದೆ.

ಆ ಕರುಗಳು ಎಲ್ಲಿ? ಇದು ಭಾವುಕತೆಯ ಪ್ರಶ್ನೆಯಲ್ಲ, ತಾಳೆ ನೋಡುವ ಪ್ರಶ್ನೆ. ಹಸು ಈಯದೆ ಹಾಲಿಲ್ಲ. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. 2019ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ದೇಶದಲ್ಲಿ ದನಗಳು ಸುಮಾರು 19 ಕೋಟಿ. ಅವುಗಳಲ್ಲಿ ಹೆಣ್ಣು ಸುಮಾರು 14.5 ಕೋಟಿ, ಗಂಡು 5 ಕೋಟಿಗೂ ಕಡಿಮೆ. ಎಮ್ಮೆಕೋಣಗಳು ಸೇರಿ ಸುಮಾರು 11 ಕೋಟಿ. ಅವುಗಳಲ್ಲಿ ಹೆಣ್ಣೇ 10 ಕೋಟಿ. ಹುಟ್ಟಿನಲ್ಲಿ ಸಮವಾಗಿದ್ದುದು ಗಣತಿಯ ಹೊತ್ತಿಗೆ ಹೀಗಾದರೆ, ನಡುವೆ ಇರುವ ಅಂತರ ಖರ್ಚಿನ ಬಾಬು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಕೆಲಸವಿಲ್ಲ. ಕೋಣಗರುವಿಗೆ ಮೊದಲೂ ಹೆಚ್ಚು ಕೆಲಸವಿರಲಿಲ್ಲ. ಕೆಲವು ಹಾಲಿಲ್ಲದೆ ಬಡಕಲಾಗಿ ಸಾಯುತ್ತವೆ, ಕೆಲವು ಬೀದಿಗೆ, ಹಲವು ಮಾಂಸಕ್ಕೆ. ಭಾರತ 1998ರಿಂದ ಜಗತ್ತಿನಲ್ಲಿಯೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ. 2023–24ರಲ್ಲಿ ಆ ಪ್ರಮಾಣ ಸುಮಾರು 23.9 ಕೋಟಿ ಟನ್. ಎಮ್ಮೆಯ ಮಾಂಸವನ್ನು ಹೊರದೇಶಗಳಿಗೆ ಕಳುಹಿಸುವ ಪ್ರಮುಖ ದೇಶಗಳಲ್ಲಿಯೂ ಒಂದು. ಈ ಎರಡು ಖಾತೆಗಳನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಒಂದನ್ನೇ ಓದುವುದು ಪ್ರಾಮಾಣಿಕ ವ್ಯಾಪಾರಿಯ ಲಕ್ಷಣವಲ್ಲ.

ಈಗ ನಮ್ಮ ಹಿರಿಯರ ಒಂದು ವಿಧಿಯನ್ನು ಕುರಿತು ಹೇಳಬೇಕು. ಎರಡು ಪಕ್ಷಗಳ ಬರಹಗಳಲ್ಲಿಯೂ ಅದರ ಪ್ರಸ್ತಾಪವಿಲ್ಲದಿರುವುದು ನನಗೆ ಆಶ್ಚರ್ಯ. ಸೂತಕದ ನಿಯಮಗಳಲ್ಲಿ, ಈದ ಎಮ್ಮೆಯ ಹಾಲು ಹದಿನೈದು ದಿನ, ಹಸುವಿನದು ಹತ್ತು ದಿನ, ಆಡಿನದು ಎಂಟು ದಿನ ಬಳಕೆಗೆ ಬಾರದೆಂದು ಹೇಳುವ ಸಂಪ್ರದಾಯವುಂಟು. ಗಿಣ್ಣು ನಾಡಿನಲ್ಲೆಲ್ಲ ಸವಿಯಾದ ತಿನಿಸು, ಈದ ಮನೆಯವರು ನೆರೆಮನೆಗೂ ಕೊಟ್ಟು ಸಂತೋಷಪಡುವ ಪದಾರ್ಥ. ಶ್ರಾವಕರು ಅದನ್ನು ಮುಟ್ಟುವಂತಿಲ್ಲ. ಕಾರಣವನ್ನು ಅಶೌಚವೆಂದೇ ಹೇಳಿಕೊಂಡು ಬಂದಿದ್ದೇವೆ. ಕರುವಿನ ಕಡೆಯಿಂದ ನೋಡಿದರೆ ಇದಕ್ಕೆ ಇನ್ನೊಂದು ಅರ್ಥ ತೆರೆದುಕೊಳ್ಳುತ್ತದೆ. ಮನುಷ್ಯರ ಕೂಸಿಗೆ ರೋಗನಿರೋಧಕ ದ್ರವ್ಯಗಳು ಗರ್ಭದಲ್ಲಿಯೇ ತಾಯಿಯ ಮಾಸಿನ ಮೂಲಕ ದೊರೆಯುತ್ತವೆ. ಹಸುವಿನ ಮಾಸು ಅವನ್ನು ದಾಟಗೊಡುವುದಿಲ್ಲ. ಕರು ಬಹುತೇಕ ರಕ್ಷಣೆಯಿಲ್ಲದೆಯೇ ಹುಟ್ಟುತ್ತದೆ. ಆ ರಕ್ಷಣೆಯೆಲ್ಲ ಗಿಣ್ಣುಹಾಲಿನಲ್ಲಿದೆ, ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಸುಮಾರು ಒಂದು ದಿನದವರೆಗೆ ಮಾತ್ರ. ಆ ಹೊತ್ತಿನಲ್ಲಿ ಗಿಣ್ಣು ತಪ್ಪಿದ ಕರು ಭೇದಿಗೋ ಜ್ವರಕ್ಕೋ ಸುಲಭವಾಗಿ ತುತ್ತಾಗುತ್ತದೆ. ಮನುಷ್ಯರಿಗೆ ಅಶುಚಿಯೆಂದು ಸಾರಿ ತಟ್ಟೆಯಿಂದ ದೂರವಿಟ್ಟ ಆ ವಿಧಿ, ಪಾಲಿಸಿದ ಮನೆಗಳಲ್ಲೆಲ್ಲ ಆ ಹಾಲನ್ನು ಕರುವಿನ ಬಾಯಿಗೆ ಉಳಿಸಿತು. ಎಮ್ಮೆ, ಹಸು, ಆಡುಗಳಿಗೆ ಬೇರೆ ಬೇರೆ ದಿನಗಳನ್ನು ಗೊತ್ತುಮಾಡಿದವರು ಹಾಲನ್ನು ಏಕವಚನದಲ್ಲಿ ಯೋಚಿಸಿದವರಂತೆ ಕಾಣುವುದಿಲ್ಲ.

ಹಾಲನ್ನು ಕರೆದ ನಲವತ್ತೆಂಟು ನಿಮಿಷಗಳೊಳಗೆ ಸೋಸಿ ಕಾಯಿಸಬೇಕೆಂಬ ಮರ್ಯಾದೆಯನ್ನು ನಮ್ಮ ಕಿರುಹೊತ್ತಿಗೆಗಳು ತಪ್ಪದೆ ಹೇಳುತ್ತವೆ. ಹಾಲಿನಲ್ಲಿ ಹುಟ್ಟಬಹುದಾದ ಸೂಕ್ಷ್ಮಜೀವಗಳ ವಿಷಯದಲ್ಲಿ ಇಷ್ಟು ಎಚ್ಚರ ಇರತಕ್ಕದ್ದೇ. ಆದರೆ ಗಡಿಯಾರ ನೋಡುವ ಅದೇ ಅಡುಗೆಮನೆಯಲ್ಲಿ, ಆ ಹಾಲಿನ ಕಾರಣವಾದ ಪಂಚೇಂದ್ರಿಯ ಜೀವದ ವಿಚಾರಣೆ ಏಕಿಲ್ಲ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ನಮ್ಮ ಅಧೀನದಲ್ಲಿರುವ ಜೀವದ ಆಹಾರವನ್ನು ತಡೆಯುವುದು. ಕರುವಿನ ಕೊರಳಿನ ಹಗ್ಗವನ್ನು ಎಳೆದು ಕಟ್ಟುವ ಕ್ಷಣಕ್ಕೆ ಇದಕ್ಕಿಂತ ನೇರವಾಗಿ ಅನ್ವಯಿಸುವ ಶಾಸ್ತ್ರವಾಕ್ಯ ನನಗೆ ಕಾಣದು. ಮೊದಲನೆಯ ಅತಿಚಾರವಾದ ಬಂಧವೂ ಅಲ್ಲಿಯೇ ಇದೆ. ಹಾಲು ಬಿಡಿರೆನ್ನುವವರು ಕಡಲಾಚೆಯ ಪುಸ್ತಕಗಳಿಂದ ತರುವ ವಾದಗಳಿಗಿಂತ ಬಲವಾದ ವಾದ ನಮ್ಮ ಭಂಡಾರದಲ್ಲಿಯೇ ಇರುವುದನ್ನು ಅವರೂ ಗಮನಿಸಿಲ್ಲ.

ಹಾಲಿನ ಪಕ್ಷದವರು ತೀರ್ಥಂಕರರ ಅತಿಶಯಗಳಲ್ಲಿ ಒಂದಾದ ಕ್ಷೀರವರ್ಣದ ರಕ್ತವನ್ನೂ, ಜನ್ಮಾಭಿಷೇಕಕ್ಕೆ ಇಂದ್ರನು ಕ್ಷೀರಸಾಗರದಿಂದ ಜಲ ತರಿಸಿದುದನ್ನೂ ಉದಾಹರಿಸುತ್ತಾರೆ. ಇದು ಪ್ರಸಂಗವನ್ನು ಬಿಟ್ಟ ಉಪಯೋಗ. ರಕ್ತ ಹಾಲಿನಂತೆ ಬೆಳ್ಳಗಿರುವುದನ್ನು ಪ್ರವಚನಕಾರರು ವಿವರಿಸುವುದು ಸಕಲಜೀವಗಳ ಮೇಲಿನ ವಾತ್ಸಲ್ಯದಿಂದ. ವಾತ್ಸಲ್ಯವೆಂಬ ಪದ ಹುಟ್ಟಿದ್ದೇ ವತ್ಸದಿಂದ, ಅಂದರೆ ಕರುವಿನಿಂದ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ವಾತ್ಸಲ್ಯವನ್ನು ವಿವರಿಸಲು ನಮ್ಮ ಆಚಾರ್ಯರು ಆಯ್ದುಕೊಂಡ ದೃಷ್ಟಾಂತ ಹಸು ತನ್ನ ಕರುವಿನಲ್ಲಿಡುವ ಪ್ರೀತಿ. ದೃಷ್ಟಾಂತದಲ್ಲಿ ಇಬ್ಬರಿದ್ದಾರೆ. ನಮ್ಮ ಬರಹಗಳಲ್ಲಿ ಒಬ್ಬಳೇ ಉಳಿದು ಅವಳಿಗೆ ಗೋಮಾತೆಯೆಂದು ಪೂಜೆ ಸಲ್ಲುತ್ತಿದೆ.

ಮಧ್ಯಮಮಾರ್ಗಕ್ಕೂ ನಮ್ಮಲ್ಲಿ ಹೆಸರಿದೆ. ಬಾಹ್ಯತಪಗಳಲ್ಲಿ ರಸಪರಿತ್ಯಾಗವೊಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಎರಡನ್ನೋ ಎಲ್ಲವನ್ನೋ ಕಾಲನಿಯಮದಿಂದ ಬಿಡುವುದು. ಹಾಲನ್ನು ವಿಷವೆಂದೂ ಹೇಳದೆ ಅಮೃತವೆಂದೂ ಹೇಳದೆ, ಬಿಡಬಲ್ಲ ರಸವೆಂದು ಅದು ಎಣಿಸುತ್ತದೆ. ಮಗ ಮೊಸರನ್ನು ಬಿಟ್ಟಾಗ ಮನೆಯ ಹಿರಿಯರು ಅದನ್ನು ಪಾಶ್ಚಾತ್ಯ ಹುಚ್ಚೆಂದು ಕರೆಯುವ ಮೊದಲು ಈ ಹೆಸರಿನಿಂದ ಕರೆದು ನೋಡಬಹುದು. ಮಗನೂ ಅಜ್ಜಿಯ ಮಜ್ಜಿಗೆಯನ್ನು ಹಿಂಸೆಯೆಂದು ಹಳಿಯುವ ಮೊದಲು ಆ ಮಜ್ಜಿಗೆ ಬಂದ ಕೊಟ್ಟಿಗೆಯಲ್ಲಿ ಕರುವಿಗೆ ಎರಡು ತೊಟ್ಟು ಬಿಡುತ್ತಿದ್ದರೇ ಎಂದು ಕೇಳಬಹುದು. ಎಲ್ಲ ಕೊಟ್ಟಿಗೆಗಳೂ ಒಂದೇ ಅಲ್ಲ.

ಬಸದಿಗಳ ಟ್ರಸ್ಟುಗಳಿಗೆ ಈ ವಿಚಾರಣೆ ಇನ್ನೂ ಹತ್ತಿರದ್ದು, ಏಕೆಂದರೆ ಅವು ಹಾಲನ್ನು ಸಗಟಾಗಿ ಕೊಳ್ಳುತ್ತವೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಎದುರಿಗೆ ನಿಂತಿರುವ ಗುಳ್ಳಕಾಯಜ್ಜಿಯನ್ನು ಎಲ್ಲರೂ ಬಲ್ಲರು. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದವನ್ನು ಮುಟ್ಟದಿದ್ದಾಗ ಆಕೆಯ ಗುಳ್ಳಕಾಯಿಯಷ್ಟು ಹಾಲು ಮುಟ್ಟಿತೆಂಬ ಐತಿಹ್ಯವನ್ನು ನಾವು ಭಕ್ತಿಯ ಗೆಲುವು, ಅಹಂಕಾರದ ಸೋಲು ಎಂದು ಹೇಳಿಕೊಳ್ಳುತ್ತೇವೆ. ಅಳತೆಯ ಕಡೆಗೂ ಗಮನ ಹರಿಸಬಹುದು. ಕರು ಹೊಟ್ಟೆತುಂಬ ಕುಡಿದ ಮೇಲೆಯೂ ಅಷ್ಟು ಹಾಲು ಯಾವ ಹಸುವಿನಲ್ಲಿಯಾದರೂ ಉಳಿದೀತು.

ಅಭಿಷೇಕಕ್ಕೆ ಹಾಲು ಗೊತ್ತುಮಾಡುವಾಗ ಟ್ರಸ್ಟಿನವರು ದರ, ಜಿಡ್ಡಿನಂಶ, ತಲುಪಿಸುವ ವೇಳೆ ಎಂಬ ಮೂರು ಕಲಮುಗಳನ್ನು ಬರೆಯಿಸಿಕೊಳ್ಳುತ್ತಾರೆ. ಕಳೆದ ವರ್ಷ ಆ ಕೊಟ್ಟಿಗೆಯಲ್ಲಿ ಹುಟ್ಟಿದ ಕರುಗಳೆಷ್ಟು, ಅವುಗಳಲ್ಲಿ ಗಂಡೆಷ್ಟು, ಅವು ಈಗ ಎಲ್ಲಿವೆ ಎಂಬ ನಾಲ್ಕನೆಯ ಕಲಮನ್ನು ಸೇರಿಸಲು ಯಾವ ಆಚಾರ್ಯರ ಅಪ್ಪಣೆಯೂ ಬೇಕಿಲ್ಲ. ಅದಕ್ಕೆ ಉತ್ತರ ಬರೆದುಕೊಡಬಲ್ಲ ಕೊಟ್ಟಿಗೆ ಸಿಕ್ಕರೆ ದರ ಇಮ್ಮಡಿಯಾದರೂ ಅಲ್ಲಿಂದಲೇ ತರಿಸಲಿ. ಹೋರಿಗರುಗಳ ಮೇವಿನ ವೆಚ್ಚ ಆ ದರದೊಳಗೆ ಸೇರಿರುತ್ತದೆ. ಸಿಗದ ಊರುಗಳಲ್ಲಿ ಜಲಾಭಿಷೇಕ ನಡೆಯಲಿ, ಹಾಲು ಗುಳ್ಳಕಾಯಿಯ ಅಳತೆಗೆ ಇಳಿಯಲಿ.